ಕುರ್ಚಿಯಿಂದ ಇಳಿಯಬಾರದು

ಕ್ಯೋಟೋ ನಗರದಲ್ಲಿ ಹೃಷಿಕೇಶನಷ್ಟು ಅನ್ಯಾಯಕ್ಕೊಳಗಾದ ಮನುಷ್ಯ ಸಾವಿರ ವರ್ಷಗಳಲ್ಲಿ ಇನ್ನೊಬ್ಬ ಹುಟ್ಟಿರಲಿಲ್ಲ. ಹಾಗೆಂದು ಅವನೇ ತೀರ್ಮಾನಿಸಿದ್ದ. ವಿಶ್ವವಿದ್ಯಾಲಯದ ವಿಆರ್ ಪ್ರಯೋಗಾಲಯದಲ್ಲಿ ಆರು ವರ್ಷ ಅವನು ಹರಿಸಿದ ಬೆವರಿಗೆ ಕಾಮೋ ನದಿ ಉಕ್ಕಿ ಸೇತುವೆಗಳೆಲ್ಲ ಕೊಚ್ಚಿಹೋಗಬೇಕಿತ್ತು. ಆದರೆ ಪ್ರೊಫೆಸರ್ ಮೊರಿತಾ ಸಾನ್ ಹೊಗಳುತ್ತಿದ್ದದ್ದು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ವಸುಧಾಳನ್ನು. "ನಿಮ್ಮ ಚಿತ್ರದಲ್ಲಿ ಎಲ್ಲವೂ ಸರಿಯಾಗಿದೆ, ಹೃಷಿಕೇಶ ಸಾನ್. ಅವರ ಚಿತ್ರ ನೋಡಿ ನಾನು ಅತ್ತೆ."

ವಸುಧಾ ಕಡೆಯದಾಗಿ ಮಾಡಿದ್ದು ಹನ್ನೊಂದು ನಿಮಿಷದ ಅನಿಮೇಷನ್. ಹೆಡ್‌ಸೆಟ್ ಹಾಕಿಕೊಂಡವರು ಕತೆಯ ಒಳಗೇ ಕೂತಿರುತ್ತಾರೆ. ಪುಟ್ಟ ಮನೆ, ಎದುರಿಗೆ ಕೊತಾತ್ಸು, ಅಂದರೆ ಚಳಿಗಾಲದಲ್ಲಿ ಕಾಲು ಬೆಚ್ಚಗಿರಲೆಂದು ರಜಾಯಿ ಹೊದಿಸಿದ ಗಿಡ್ಡ ಮೇಜು. ಬಸ್ಸಿನಲ್ಲಿ ಯಾರೋ ಮರೆತುಹೋದ ಕೊಡೆಯೊಂದು ಮಳೆಯಲ್ಲಿ ದಾರಿ ಕೇಳುತ್ತ, ಕಿಟಕಿಯಾಚೆಯ ಬೀದಿಗಳನ್ನು ದಾಟಿ ಆ ಮನೆಗೆ ನಡೆದು ಬರುತ್ತದೆ. 2021ರ ಜುಲೈನಲ್ಲಿ ಅವಳು ಅದನ್ನು ಪರೀಕ್ಷಿಸಲೆಂದು ಹೃಷಿಕೇಶನೊಬ್ಬನಿಗೇ ಕೊಟ್ಟಿದ್ದಳು.

"ಪೂರ್ತಿ ನೋಡ್ದ್ಯೇನೋ?" ಫೋನಿನಲ್ಲಿ ಕೇಳಿದ್ದಳು.

"ಹನ್ನೊಂದ್ ನಿಮಿಷಾನೂ."

"ಕುರ್ಚಿ ಮೇಲೆ ಕೂತ್ಕೊಂಡೇ?"

"ಮತ್ತೆ? ಕೊರೊನಾ ಮುಗಿಯೋವರ್ಗೂ ಅಂತರ ಇರ್ಲಿ, ಯಾರೂ ಕುರ್ಚಿ ಬಿಟ್ಟು ಇಳೀಬಾರ್ದು ಅಂತ ಲ್ಯಾಬ್ ರೂಲ್ ಅಲ್ವೇನೆ ತಾಯಿ!"

ಅವಳು ನಕ್ಕಳು. ನಗು ಕೆಮ್ಮಾಯಿತು.

ಆಗಸ್ಟಿನಲ್ಲಿ ಅವಳಿರಲಿಲ್ಲ. ಗಂಡ ರಮಾಕಾಂತನ ಕೈಗೆ ಸಿಕ್ಕಿದ್ದು ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಪೆಟ್ಟಿಗೆ. ಆರು ವರ್ಷದ ನಿಶಾಗೆ ಅಮ್ಮನ ಮುಖವನ್ನು ಕಡೆಯ ಸಲ ನೋಡಲೂ ಆಗಲಿಲ್ಲ.

ಹೃಷಿಕೇಶನೂ ಅತ್ತ. ಅತ್ತು ಮುಗಿಸಿ, ಮುಖ ತೊಳೆದು, ಕೆಲಸಕ್ಕೆ ಕೂತ. ಮಾರ್ಚಿನ ಪ್ರದರ್ಶನದಲ್ಲಿ ಗೆದ್ದವರಿಗೆ ಪ್ರಯೋಗಾಲಯದ ಏಕೈಕ ಕಾಯಂ ಹುದ್ದೆ. ಸೋತರೆ ಅವನ ವೀಸಾ ಮುಗಿಯುತ್ತದೆ.

ಅಂಥ ಕಳ್ಳತನವನ್ನು ಏಳು ಸಮುದ್ರಗಳ ಕಡಲ್ಗಳ್ಳರೂ ಕನಸಿನಲ್ಲಿ ಕಂಡಿರಲಿಕ್ಕಿಲ್ಲ. ವಸುಧಾಳ ಚಿತ್ರದ ಪ್ರತಿ ಕಡತದಿಂದ ಅವಳ ಹೆಸರು ಅಳಿಸಿದ, ತಾರೀಖುಗಳನ್ನು ತಿದ್ದಿದ. ಕತೆ ಹೇಳುವ ಅವಳ ದನಿಯನ್ನು ಕಿತ್ತು ತನ್ನ ದನಿ ಕೂರಿಸಿದ. ಕೆಂಪು ಕೊಡೆ ನೀಲಿಯಾಯಿತು. ಹೆಸರಿಲ್ಲದ ಇನ್ನೊಂದು ಧ್ವನಿ ಕಡತವಿತ್ತು. ಅರ್ಧ ನಿಮಿಷ ಕೇಳಿದರೂ ಬಟ್ಟೆಯ ಸರಬರ ಬಿಟ್ಟರೆ ಏನೂ ಇಲ್ಲ. ರಜಾಯಿಯ ಸದ್ದಿರಬೇಕು, ಇರಲಿ ಎಂದುಕೊಂಡ. ಏಳು ತಿಂಗಳಲ್ಲಿ ಚಿತ್ರವನ್ನು ಮುನ್ನೂರು ಸಲ ನೋಡಿದ. ಎಡ, ಬಲ, ಬೆನ್ನ ಹಿಂದೆ, ಸೂರು, ಎಲ್ಲೂ ವಸುಧಾ ಉಳಿದಿರಲಿಲ್ಲ.

ಇದಕ್ಕೆಲ್ಲ ಕಿರೀಟವಿಟ್ಟಂಥ ಉಪಾಯ ಕಡೆಗೆ ಹೊಳೆಯಿತು: ಚಿತ್ರವನ್ನು ವಸುಧಾಳ ನೆನಪಿಗೇ ಅರ್ಪಿಸಿ, ಮೊದಲು ನೋಡಲು ಅವಳ ಮಗಳನ್ನೇ ಕರೆಯುವುದು. ಕದ್ದ ಮಾಲನ್ನು ಮಾಲೀಕರ ಮನೆಯವರ ಕೈಗೇ ಕೊಡುವವನ ಮೇಲೆ ಯಾರಿಗೆ ಅನುಮಾನ ಬಂದೀತು?

ಪ್ರದರ್ಶನದ ಭಾನುವಾರ ಬೆಳಗ್ಗೆ ರಮಾಕಾಂತ ನಿಶಾಳನ್ನು ಕರೆದುಕೊಂಡು ಬಂದ. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. "ಎಲ್ರೂ ಮರ್ತೇಬಿಟ್ರು ಕಣೋ. ನೀನಾದ್ರೂ ನೆನೆಸ್ಕೊಂಡ್ಯಲ್ಲ."

ಹೃಷಿಕೇಶ ಒಂದು ಕ್ಷಣ ಕಣ್ಣು ತಪ್ಪಿಸಿದ. ಒಂದೇ ಕ್ಷಣ.

ನಿಶಾಳನ್ನು ಕುರ್ಚಿಯಲ್ಲಿ ಕೂರಿಸಿ ಹೆಡ್‌ಸೆಟ್ ಕಟ್ಟಿದ. ಅವಳು ಕಾಣುವುದೆಲ್ಲ ಗೋಡೆಯ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಕೊಡೆ ಬಾಗಿಲಿಗೆ ಬಂತು. ಮೊರಿತಾ ಸಾನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗೆದ್ದೆ, ಅಂದುಕೊಂಡ ಹೃಷಿಕೇಶ.

ಆಗ ನಿಶಾ ಕುರ್ಚಿಯಿಂದ ಜಾರಿ ನೆಲಕ್ಕೆ ಇಳಿದಳು.

"ಇಳೀಬಾರ್ದು ಪುಟ್ಟಿ, ಮೇಲೆ ಕೂತ್ಕೋ!"

ಅವಳಿಗೆ ಕೇಳಿಸಲಿಲ್ಲ. ಶಾಲೆ ಮುಚ್ಚಿದ ದಿನಗಳಲ್ಲಿ ಮನೆಯ ಕೊತಾತ್ಸುವಿನ ಕೆಳಗೆ ಅಮ್ಮನ ಜೊತೆ ಕಣ್ಣಾಮುಚ್ಚಾಲೆ ಆಡಿದ ಮಗು ಅದು. ಮಂಡಿಯೂರಿ, ತಲೆ ಬಗ್ಗಿಸಿ, ರಜಾಯಿಯ ಒಳಗೆ ತೂರಿದಳು. ಪರದೆಯ ತುಂಬ ಕಿತ್ತಳೆ ಬೆಳಕು. ಬಟ್ಟೆಯ ಸರಬರ ಅರ್ಧ ನಿಮಿಷ. ಆಮೇಲೆ ಆ ಬೆಳಕಿನಲ್ಲಿ, ಕೆಂಪು ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, ಮೊಣಕಾಲು ಮಡಚಿ ಕೂತ ವಸುಧಾ ತಲೆಯೆತ್ತಿದಳು. "ಸಿಕ್ಬಿಟ್ಟೆ ನೋಡು! ನಿಶಾ ಬಂಗಾರಿ, ನಿನ್ ಹುಟ್ಟುಹಬ್ಬಕ್ಕೆ ಅಂತ ಈ ಮನೆ ಪೂರ್ತಿ ಅಮ್ಮನೇ ಬರೆದಿದ್ದು." ರಮಾಕಾಂತ ಮೆಲ್ಲನೆ ಹೃಷಿಕೇಶನ ಕಡೆ ತಿರುಗಿದ. ಮುನ್ನೂರು ಸಲ ನೋಡಿದ್ದ ಮಹಾ ಜಾಣ, ಒಂದು ಸಲವೂ ಕುರ್ಚಿಯಿಂದ ಇಳಿದಿರಲಿಲ್ಲ.