ಲ್ಯಾಪ್‌ಟಾಪಿನ ಗಾದಿ

“ಮತ್ತ ಬಂದ್ ಆತು!”

ಅಲ್ಫಿಯಾ ಕೂಗಿದ ರಭಸಕ್ಕೆ ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಹೊರಗೆ ಜಿಗಿಯಿತು. ಲಕ್ಕುಂಡಿಯ ಮೆಟ್ಟಿಲು ಬಾವಿಯ ಫೋಟೋ ಆಗಷ್ಟೇ ಸ್ಲೈಡಿನಲ್ಲಿ ಸರಿಯಾಗಿ ಕೂತಿತ್ತು. ಈಗ ನೋಡಿದರೆ ಬಾವಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಸ್ಕ್ರೀನ್ ಪೂರ್ತಿ ಕಪ್ಪು.

“ಅಣ್ಣಾ, ಸೋಮವಾರ ಶಾಲ್ಯಾಗ ಸ್ಲೈಡ್ ತೋರಿಸಬೇಕು!”

ಲ್ಯಾಪ್‌ಟಾಪ್ ಮೊದಲು ಅಣ್ಣ ತಾರೀಖನದಾಗಿತ್ತು. ಅವನ ಕಾಲೇಜು ಮುಗಿದ ಮೇಲೆ ಅದು ಅಲ್ಫಿಯಾಳಿಗೆ ಬಂದಿತ್ತು.

“ನಾ ಏನ್ ಮಾಡಲಿ?” ಎಂದ ತಾರೀಖ. “ಅದರ ಫ್ಯಾನ್ ಕ್ಲೀನ್ ಮಾಡಿಸೇನಿ, ಒಳಗ ಬಿಸಿ ಇಳಿಸೋ ಹೊಸಾ ಪೇಸ್ಟ್ ಹಾಕಿಸೇನಿ. ರಿಪೇರಿ ಅಂಗಡಿ ಟೇಬಲ್ ಮ್ಯಾಲ ಸಂಜಿತನಕ ಚಲೋ ನಡೀತು. ಮನಿಗೆ ತಂದ್ರ ಬಂದ್ ಆಗತೈತಿ. ಇನ್ನೊಮ್ಮೆ ಕೆಟ್ರ ಗುಜರಿಗೆ ಹಾಕೋದ ನೋಡು.”

ಅಲ್ಫಿಯಾಳಿಗೆ ತಲೆಬುಡ ತಿಳಿಯಲಿಲ್ಲ. ಅಂಗಡಿಯಲ್ಲಿ ನಡೆದದ್ದು ಮನೆಯಲ್ಲಿ ಯಾಕೆ ನಡೆಯುವುದಿಲ್ಲ? ಅದಕ್ಕೆ ನಮ್ಮ ಮನೆ ಸೇರುವುದಿಲ್ಲವೇ? ಅಥವಾ ನಾನೇ ಸೇರುವುದಿಲ್ಲವೇ?

ಅಪ್ಪನ ತಾಯಿ, ದಾದಿ ಫಕೀರಬಿ, ಬಂದು ಅದನ್ನು ಮುಟ್ಟಿ ನೋಡಿದಳು. “ಅಯ್ಯ, ಸುಡಾಕತ್ತೈತಿ! ಜ್ವರ ಬಂದೈತಿ ಇದಕ್ಕ. ಮಲಗಲಿ ಬಿಡವಾ.”

ಬೆಟಗೇರಿಯಲ್ಲಿ ಅವರದು ಗಾದಿ ಹೊಲಿಯುವ ಮನೆ. ಆ ಮನೆಯಲ್ಲಿ ಬೆಲೆಯುಳ್ಳ ಯಾವ ವಸ್ತುವೂ ಬರೀ ನೆಲ ಮುಟ್ಟುವಂತಿಲ್ಲ. ಅಬ್ಬಾನ ರೇಡಿಯೋಕ್ಕೊಂದು ಮೆತ್ತೆ, ದಾದಿಯ ಚಷ್ಮಾಕ್ಕೂ ಒಂದು ಮೆತ್ತೆ. ಮೊಮ್ಮಗಳಿಗೆ ಲ್ಯಾಪ್‌ಟಾಪ್ ಸಿಕ್ಕ ದಿನವೇ ದಾದಿ ಅದರ ಅಳತೆಗೆ ಕೆಂಪು ಹೂವಿನ ಪುಟ್ಟ ಗಾದಿ ಹೊಲಿದು ಕೊಟ್ಟಿದ್ದಳು.

ಈಗ ಕಾಯಿಲೆಯವರಿಗೆ ಮಾಡುವಂತೆ, ಗಾದಿಯ ಹೊಲಿಗೆ ಬಿಚ್ಚಿ ಇನ್ನಷ್ಟು ಅರಳೆ ತುಂಬಿದಳು. “ಇನ್ನ ಮೆತ್ತಗ ಆತು. ಆರಾಮ ಮಲಗತೈತಿ.”

ಮರುದಿನ ಅದು ಇನ್ನೂ ಬೇಗ ಬಂದ್ ಆಯಿತು!

ಅಲ್ಫಿಯಾ ಚಾರ್ಜರ್ ಕಿತ್ತು ಹಾಕಿದಳು. ಗಾದಿ ಸಮೇತ ಕಿಟಕಿಯ ಹತ್ತಿರ ಇಟ್ಟಳು. ಬೀಸಣಿಗೆಯಿಂದ ಗಾಳಿ ಹಾಕಿದಳು. ಊಹೂಂ. ಸಿಟ್ಟು ಬಂದು, ಅಳುವೂ ಬಂದು, ಅದನ್ನು ಎತ್ತಿದಳು. ಕೆಳಗಿದ್ದ ಗಾದಿ ಕಾದ ತವೆಯಂತಿತ್ತು.

ಅವಳು ಲ್ಯಾಪ್‌ಟಾಪ್ ತಿರುಗಿಸಿದಳು. ಹೊಟ್ಟೆಯ ಮೇಲೆ ಸಾಲಾಗಿ ಸಣ್ಣ ಸೀಳುಗಳು. ಒಂದರಲ್ಲಿ ಅರಳೆಯ ಎಳೆ ಸಿಕ್ಕಿಕೊಂಡಿತ್ತು. ಚಳಿಗೆ ಮುಖದ ತುಂಬ ಚಾದರ ಹೊದ್ದಾಗ ತನಗೆ ಉಸಿರು ಕಟ್ಟುವುದು ನೆನಪಾಯಿತು. ಅಂಗಡಿಯಲ್ಲಿ ಇದ್ದದ್ದು ಬರೀ ಟೇಬಲ್...

ಅಡುಗೆಮನೆಯಿಂದ ಚಪಾತಿ ಮಣೆ ತಂದು ಅದರ ಮೇಲೆ ಇಟ್ಟಳು. ಸ್ವಲ್ಪ ಆರಲು ಬಿಟ್ಟು ಚಾಲೂ ಮಾಡಿದಳು. ಬಾವಿ ಬಂತು. ಮೆಟ್ಟಿಲು ಬಂದವು. ಕೊನೆಯ ಸ್ಲೈಡೂ ಬಂತು. ಬಂದ್ ಆಗಲೇ ಇಲ್ಲ!

ಕುಣಿಯಬೇಕು ಅನ್ನುವಷ್ಟರಲ್ಲಿ ದಾದಿ ಕೈಯಲ್ಲಿ ಸೂಜಿ ಹಿಡಿದು ಬಂದಳು. “ಅಯ್ಯ, ಕಟ್ಟಿಗಿ ಮ್ಯಾಲ ಇಟ್ಟೀಯಲ್ಲ! ಗಾದಿ ಎಲ್ಲೈತಿ? ಅಂಚು ಹೊಲಿಯೂದು ಉಳದೈತಿ.”

ದಾದಿ ಹೋಗುವವರೆಗೆ ಮತ್ತೆ ಗಾದಿಯ ಮೇಲೆ ಇಟ್ಟುಬಿಡಲೇ? ಅಲ್ಫಿಯಾಳಿಗೆ ಒಂದು ಗಳಿಗೆ ಹಾಗನ್ನಿಸಿತು. ಆಮೇಲೆ ಲ್ಯಾಪ್‌ಟಾಪನ್ನು ತುಸು ಎತ್ತಿ, ದಾದಿಯ ಕೈ ಹಿಡಿದು ಅದರ ಕೆಳಗೆ ಒಯ್ದಳು.

“ಗಾಳಿ ಬಂತಾ? ಇದು ಇಲ್ಲಿಂದ ಉಸಿರಾಡತೈತಿ ದಾದಿ. ಮೆತ್ತಗಿದ್ರ ಮೂಗು ಮುಚ್ಚಿದಂಗ ಆಗತೈತಿ.”

ದಾದಿ ಕೈ ತೆಗೆಯಲಿಲ್ಲ. “ಹಂಗಾರ... ಜ್ವರ ಬರಿಸಿದಾಕಿ ನಾನ ಏನವಾ?” ಎಂದಳು. ದನಿ ಸಣ್ಣಗಾಗಿತ್ತು.

ಅಲ್ಫಿಯಾ ಕೆಂಪು ಗಾದಿಯನ್ನು ಎಳೆದು ಅದರ ಮೇಲೆ ಕುಳಿತುಬಿಟ್ಟಳು. “ಇದು ನನಗ ಬೇಕು. ನೆಲ ಕೊರಿಯಾಕತ್ತೈತಿ.”

“ನಿನಗ ಸಣ್ಣದಾಗತೈತಲ್ಲ?”

“ಬರೋಬ್ಬರಿ ಐತಿ ದಾದಿ.”

ಬರೋಬ್ಬರಿ ಇರಲಿಲ್ಲ. ಒಂದು ತೊಡೆ ತಣ್ಣನೆಯ ನೆಲದ ಮೇಲಿತ್ತು. ಅಲ್ಫಿಯಾ ಕಾಲು ಮಡಚಿ, ಮೈಯೆಲ್ಲ ಮುದುಡಿಕೊಂಡು, ಪೂರ್ತಿ ಗಾದಿಯ ಮೇಲೆ ಬಂದಳು.

ದಾದಿ ಪಕ್ಕದಲ್ಲೇ ಕುಳಿತು ಸೂಜಿಗೆ ದಾರ ಪೋಣಿಸಿದಳು. “ಕುಂತಲ್ಲೇ ಇರು, ಅಂಚು ಹೊಲಿದುಬಿಡ್ತೀನಿ,” ಎಂದಳು.

ಕಾಲು ಜೋಮು ಹಿಡಿಯಿತು. ಅಲ್ಫಿಯಾ ಅಲುಗಾಡಲಿಲ್ಲ.