ಹೆಬ್ಬೆಟ್ಟಿನ ಎಂಬತ್ತು ಹಾಳೆ

ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 8.40. ಗುಲು ಪಟ್ಟಣದ ಠಾಣೆಗೆ ದೂರು ಬಂತು. ಕೊಟ್ಟವರು ಸಂಶೋಧನಾ ನೀತಿ ತರಬೇತಿ ಕೇಂದ್ರದ ಮುಖ್ಯಸ್ಥ ಡಾ. ಲಬೇಜಾ. ಮಲೇರಿಯಾ ಸಂಶೋಧನೆಗೆ ರಕ್ತ ಕೊಟ್ಟ ಎಂಬತ್ತು ಹಳ್ಳಿಗರ, ಹೆಬ್ಬೆಟ್ಟು ಒತ್ತಿದ್ದ ಒಪ್ಪಿಗೆ ಪತ್ರಗಳು ಕೇಂದ್ರದ ಕಪಾಟಿನಿಂದ ಕಾಣೆಯಾಗಿದ್ದವು.

"ಶುಕ್ರವಾರ ರಕ್ತದ ಮಾದರಿ ಹೊರದೇಶಕ್ಕೆ ಹೋಗ್ಬೇಕು. ಪತ್ರ ಇಲ್ದೆ ಒಂದೂ ಹೋಗಲ್ಲ," ಎಂದರು. ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದರು.

ಇನ್ಸ್‌ಪೆಕ್ಟರ್ ಲಮುನು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಒಡೋಚ್ ಜೊತೆ ಹೊರಟಳು.

10.15. ಸ್ಥಳ ಪಂಚನಾಮೆ. ಕೇಂದ್ರದ ಕಪಾಟಿನ ಬೀಗ ಮುರಿದಿರಲಿಲ್ಲ. ಪಕ್ಕದಲ್ಲಿದ್ದ ಲ್ಯಾಪ್‌ಟಾಪ್ ಹಾಗೇ ಇತ್ತು.

"ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ, ನರ್ಸ್ ಲಾಲಾಂ ಹತ್ರ. ತರಬೇತಿಗೆ ಬಂದವರಲ್ಲಿ ಅವಳೇ ಚುರುಕು. ಮುಂದಿನ ತಂಡಕ್ಕೆ ಅವಳೇ ಕಲಿಸಬೇಕಿತ್ತು. ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ."

"ಆ ಹೆಬ್ಬೆಟ್ಟುಗಳನ್ನ ಒತ್ತಿಸಿಕೊಂಡಿದ್ದು ಯಾರು?"

ಲಬೇಜಾ ತಡವರಿಸಿದರು. "ಅವಳೇ. ಎರಡು ವರ್ಷದ ಹಿಂದೆ. ತರಬೇತಿಗೂ ಮುಂಚೆ."

ಜೀಪಿನಲ್ಲಿ ಒಡೋಚ್ ಹೇಳಿದ, "ಮಾರೋಕೆ ಕದ್ದಿರ್ಬೇಕು, ಮೇಡಂ."

"ಹೆಬ್ಬೆಟ್ಟಿನ ಗುರುತು ಯಾರು ಕೊಳ್ತಾರಪ್ಪಾ?"

ಮಧ್ಯಾಹ್ನ 1.30. ರಕ್ತ ಕೊಟ್ಟವರ ಹಳ್ಳಿ. ಅಂಗಳದಲ್ಲಿ ಒಬ್ಬ ಹೆಂಗಸು ಎಳ್ಳು ಕೇರುತ್ತಿದ್ದಳು.

"ನರ್ಸ್ ಲಾಲಾಂ ಬಂದಿದ್ಲಾ?"

"ನಿನ್ನೆ. ಮಗಳ ರಕ್ತಕ್ಕೆ ನಾನು ಹೆಬ್ಬೆಟ್ಟು ಒತ್ತಿದ ಹಾಳೆ ತಂದಿದ್ಲು."

"ಮೊದ್ಲು ಒತ್ತಿಸಿಕೊಂಡಾಗ ಏನಂದಿದ್ಲು?"

"'ಒತ್ತಮ್ಮ, ಸೊಳ್ಳೆಪರದೆ ಸಿಗುತ್ತೆ' ಅಂದಿದ್ಲು. ಒತ್ತಿದೆ."

"ನಿನ್ನೆ?"

"ಚಾಪೆ ಮೇಲೆ ಕೂತು ಪೂರ್ತಿ ಓದಿದ್ಲು. 'ನಿನ್ನ ಮಗಳ ರಕ್ತ ದೂರದ ದೇಶದಲ್ಲಿ ವರ್ಷಗಟ್ಟಲೆ ಇಟ್ಕೊಳ್ತಾರೆ, ಒಪ್ತೀಯಾ?' ಅಂತ ಕೇಳಿದ್ಲು. ಬೇಡ ಅಂದೆ. ಹಾಳೆ ನನ್ನ ಕೈಗೇ ಕೊಟ್ಲು. ಒಲೆಗೆ ಹಾಕ್ದೆ. ತಪ್ಪಾಯ್ತಾ?"

ಲಮುನು ಅವಳ ಹೇಳಿಕೆ ಬರೆದುಕೊಂಡು, ಲಾಲಾಂ ಯಾವ ಕಡೆ ಹೋದಳೆಂದು ಕೇಳಿದಳು.

ಸಂಜೆ 4.20. ಊರಾಚೆ ಮಾವಿನ ಮರದಡಿ ಲಾಲಾಂ ಸಿಕ್ಕಳು. ಒಬ್ಬ ಮುದುಕನಿಗೆ ಪತ್ರ ಓದಿ ಹೇಳುತ್ತಿದ್ದಳು. ಪೊಲೀಸರನ್ನು ಕಂಡು ಓಡಲಿಲ್ಲ.

"ಡಾಕ್ಟರಿಗೆ ಹೇಳಬಹುದಿತ್ತಲ್ಲ?"

"ಹೇಳಿದೆ. 'ಹಳೇದು ಬಿಡು, ಮುಂದಿನವರಿಗೆ ಸರಿಯಾಗಿ ಕಲಿಸು' ಅಂದ್ರು."

"ಕದ್ದಿದ್ದು ಕದ್ದಿದ್ದೇ, ತಂಗಿ."

"ಗೊತ್ತು, ಅಕ್ಕ. ಇವರದೊಂದು ಮುಗಿಸ್ಲಾ? ಅರ್ಧ ಓದಿದೀನಿ."

ಲಮುನು ಗಡಿಯಾರ ನೋಡಿಕೊಂಡಳು. ಒಡೋಚ್ ಕೈಕೋಳವನ್ನು ಬೆನ್ನ ಹಿಂದೆ ಹಿಡಿದು ನಿಂತ. ಮುದುಕ ಕೊನೆತನಕ ಕೇಳಿ, ನಾಲ್ಕು ಪ್ರಶ್ನೆ ಹಾಕಿ, "ನಂದು ಇಟ್ಕೊಳ್ಳಲಿ ಬಿಡು," ಎಂದ.

ಬಂಧನ 4.55ಕ್ಕೆ. ಜಪ್ತಿಯಾದದ್ದು ಅರವತ್ತೊಂದು ಪತ್ರ. ಉಳಿದ ಹತ್ತೊಂಬತ್ತು, ಬೇಡ ಎಂದವರ ಕೈಗೇ ಹೋಗಿದ್ದವು.

ತರಬೇತಿಯ ಮೂರನೇ ದಿನ, 'ನೀವು ಒಪ್ಪಿಗೆ ಪಡೆದವರಲ್ಲಿ ಒಬ್ಬರು ಕೇಳಿದ ಒಂದು ಪ್ರಶ್ನೆ ಬರೆಯಿರಿ' ಎಂದು ಲಬೇಜಾ ಎಲ್ಲರಿಗೂ ಹೇಳಿದ್ದರಂತೆ. ಲಾಲಾಂ ಖಾಲಿ ಹಾಳೆ ಕೊಟ್ಟಿದ್ದಳು. ಎಂಬತ್ತು ಜನರಲ್ಲಿ ಒಬ್ಬರಿಗೂ ಪ್ರಶ್ನೆ ಕೇಳಲು ಅವಳು ಅವಕಾಶ ಕೊಟ್ಟಿರಲಿಲ್ಲ. ಹೇಳಿಕೆಯಲ್ಲಿ ಕಾರಣವೆಂದು ಅಷ್ಟನ್ನೇ ಬರೆಸಿದಳು.