ಮನೆಯಜ್ಜನನ್ನು ಕರೆತರಲು ಹೋದ ಫ್ಯೋಕ್ಲಾ

ಬಹಳ ಹಿಂದೆ, ರಷ್ಯದ ಉತ್ತರದ ಕಾಡುಗಳಾಚೆ, ಬೆಲೋಯಾರ್ ಎಂಬ ಪುಟ್ಟ ರಾಜ್ಯವಿತ್ತು. ಅದರ ರಾಜಧಾನಿಯೆಲ್ಲ ಮರದ್ದೇ. ಗೋಡೆ ಮರದ್ದು, ಬೀದಿಗೆ ಹಾಸಿದ್ದು ಮರದ ಹಲಗೆ, ಅರಸನ ಅರಮನೆಯೂ ಮರದ್ದು. ಹಿಮ ಕರಗುವ ಕಾಲ ಬಂದರೆ ನದಿ ಉಕ್ಕಿ ಊರೊಳಗೆ ನುಗ್ಗುತ್ತಿತ್ತು. ಬೇಸತ್ತ ಅರಸ ಎದುರು ದಡದ ಗುಡ್ಡದ ಮೇಲೆ ಹೊಸ ಊರು ಕಟ್ಟಿಸಿ, ಎಲ್ಲರೂ ಒಂದೇ ದಿನದಲ್ಲಿ ಅಲ್ಲಿಗೆ ಹೋಗಬೇಕೆಂದು ಡಂಗುರ ಹೊಡೆಸಿದ. ನಲವತ್ತು ಮನೆಯವರು ಗಂಟುಮೂಟೆ ಕಟ್ಟಿಕೊಂಡು, ಹೆಪ್ಪುಗಟ್ಟಿದ ನದಿಯ ಮೇಲೆ ಜಾರುಬಂಡಿ ಎಳೆದುಕೊಂಡು ಹೊರಟರು.

ಆ ನಾಡಿನಲ್ಲಿ ಮನೆಮನೆಯ ಒಲೆಯ ಹಿಂದೆ ಒಬ್ಬ ಅಜ್ಜನಿರುತ್ತಾನೆ. ಅವನನ್ನು ದೊಮೊವೊಯ್ ಎನ್ನುತ್ತಾರೆ. ಮೊಣಕಾಲೆತ್ತರದ ಆಳು, ಮೈತುಂಬ ಬೂದು ಕೂದಲು. ಅವನಿದ್ದರೆ ಹಿಟ್ಟು ಉಬ್ಬುತ್ತದೆ, ಹಸು ಹಾಲು ಕೊಡುತ್ತದೆ, ಮನೆಯವರಿಗೆ ನಿದ್ದೆ ಹತ್ತುತ್ತದೆ. ಮನೆ ಬದಲಿಸುವಾಗ ಮನೆಯ ಹೆಂಗಸು ಒಲೆಯ ಮುಂದೆ ಉಣ್ಣೆಯ ಹಳೇ ಬೂಟೊಂದನ್ನಿಟ್ಟು, “ಅಜ್ಜಾ, ನಮ್ಮ ಜೊತೆ ಬಾ” ಎಂದು ಕರೆಯಬೇಕು. ಅವನು ಬೂಟಿನೊಳಗೆ ಕೂತು ಬರುತ್ತಾನೆ. ಕರೆಯದಿದ್ದರೆ ಬರುವವನಲ್ಲ.

ಫ್ಯೋಕ್ಲಾ ಎಂಬ ವಿಧವೆಯ ಮನೆಯಲ್ಲಿ ಇದ್ದವರು ಮೂವರು: ಫ್ಯೋಕ್ಲಾ, ಅವಳ ಸೊಸೆ ಉಸ್ತಿನ್ಯಾ, ಎಂಟು ತಿಂಗಳ ಮೊಮ್ಮಗ ತಿಮೋಷ. ಮಗ ಅರಸನ ಮರ ಸಾಗಿಸಲು ದೂರ ಹೋಗಿದ್ದ. ಅತ್ತೆ ಕರೆಯಲಿ ಎಂದು ಸೊಸೆ ಸುಮ್ಮನಿದ್ದಳು. ಸೊಸೆ ಕರೆಯಲಿ ಎಂದು ಅತ್ತೆ ಸುಮ್ಮನಿದ್ದಳು. ಬಾಯಿಬಿಟ್ಟು ಕೇಳಲು ಇಬ್ಬರಿಗೂ ಬಿಗುಮಾನ. ಒಂದೇ ದಿನದ ಗಡಿಬಿಡಿಯಲ್ಲಿ ಉಳಿದ ಮನೆಗಳವರೂ ತಮ್ಮ ಅಜ್ಜಂದಿರನ್ನು ಕರೆಯದೆ ಬಂದಿದ್ದರು.

ಹೊಸ ಮನೆಯಲ್ಲಿ ಯಾವುದೂ ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲು ತಾನಾಗಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಬೆಂಚಿನ ಮೇಲೆ ಕೂತವರು ಮರುಗಳಿಗೆ ಎದ್ದರು. ಹಸು ಕೊಟ್ಟಿಗೆಯಲ್ಲಿ ಸುತ್ತು ಹಾಕಿತು. ಊರಿನಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ತಿಮೋಷನೂ ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದ. ಒಂದು ದಿನವಲ್ಲ, ಎರಡು ದಿನವಲ್ಲ, ಒಂಬತ್ತು ದಿನ. ಒಂಬತ್ತನೆಯ ದಿನ ಅವನಿಗೆ ಅಳುವ ಶಕ್ತಿಯೂ ಉಳಿಯಲಿಲ್ಲ.

“ಅತ್ತೆ, ಅಜ್ಜನನ್ನು ಕರೆದಿರಿ ತಾನೆ?” ಎಂದಳು ಉಸ್ತಿನ್ಯಾ.

“ನಾನು ಯಾಕೆ ಕರೆಯಲಿ? ಒಲೆ ಉರಿಸುತ್ತಿದ್ದವಳು ನೀನು!”

“ಬೀಗದ ಕೈ ಇರುವುದು ನಿಮ್ಮ ಸೊಂಟದಲ್ಲಿ, ಮನೆಯ ಯಜಮಾನಿ ನೀವು!”

ಇಬ್ಬರೂ ತೊಟ್ಟಿಲ ಕಡೆ ನೋಡಿದರು. ಫ್ಯೋಕ್ಲಾ ಮೂಲೆಯಲ್ಲಿದ್ದ ಹಳೇ ಬೂಟನ್ನು ಹಗ್ಗಕ್ಕೆ ಕಟ್ಟಿಕೊಂಡು, ತುಪ್ಪಳದ ಕೋಟು ಹಾಕಿಕೊಂಡು ಹಳೆಯ ಊರಿಗೆ ಹೊರಟೇಬಿಟ್ಟಳು. ಖಾಲಿಯಾದ ಆ ಊರಿಗೆ ಸ್ತುದೆನ್ ಎಂಬ ಮಾಂತ್ರಿಕ ಬಂದು ಸೇರಿದ್ದಾನೆ, ಅವನ ಮೂಳೆ ಮಂಜುಗಡ್ಡೆಯದು ಎಂದು ಬೇಟೆಗಾರರು ಹೇಳಿದ್ದು ಅವಳಿಗೆ ಗೊತ್ತಿತ್ತು. ಆದರೂ ಹೊರಟಳು.

ನದಿಯ ಮಂಜುಗಡ್ಡೆ ಆಗಲೇ ಒಡೆದು ತೇಲುತ್ತಿತ್ತು. ದಡದಲ್ಲಿ ಕಬ್ಬಿಣದ ಹಲ್ಲಿನ ತೋಳವೊಂದು ಕೂತಿತ್ತು.

“ದಾಟಿಸುತ್ತೇನೆ, ಅಜ್ಜಿ. ಒಂದು ಮಾತು ಹೇಳು. ಮನೆಯಜ್ಜನನ್ನು ಕರೆಯದೆ ಬಿಟ್ಟವರು ಯಾರು?”

“ಇನ್ಯಾರು, ನನ್ನ ಸೊಸೆ!”

ತೋಳ ಮೂಸಿ ನೋಡಿತು. “ಅರ್ಧ ನಿಜ” ಎಂದು ಅವಳನ್ನು ಬೆನ್ನಿಗೇರಿಸಿಕೊಂಡು, ಅರ್ಧ ನದಿ ದಾಟಿಸಿ, ತೇಲುವ ಮಂಜುಗಡ್ಡೆಯ ಚಪ್ಪಡಿಯೊಂದರ ಮೇಲೆ ಇಳಿಸಿ ಹೋಯಿತು! ಫ್ಯೋಕ್ಲಾ ತೋಳದ ವಂಶವನ್ನೆಲ್ಲ ಬಯ್ಯುತ್ತ ಚಪ್ಪಡಿಯಿಂದ ಚಪ್ಪಡಿಗೆ ಹಾರಿದಳು. ತುಪ್ಪಳದ ಕೋಟು ನೀರುಪಾಲಾಯಿತು. ಜೀವ ಮಾತ್ರ ದಡ ಸೇರಿತು.

ಹಳೆಯ ಊರಿನ ಹೆಬ್ಬಾಗಿಲ ಮೇಲೆ ಎತ್ತಿನ ಗಾತ್ರದ ತಾಮ್ರದ ಹುಂಜ ನಿಂತಿತ್ತು.

“ಬಾಗಿಲು ತೆರೆಯುತ್ತೇನೆ, ಅಜ್ಜಿ. ಕರೆಯದೆ ಬಿಟ್ಟವರು ಯಾರು?”

ಫ್ಯೋಕ್ಲಾ ಈ ಸಲ ಯೋಚಿಸಿದಳು. “ನಾವಿಬ್ಬರೂ. ಆದರೆ ಹೆಚ್ಚಿನ ತಪ್ಪು ಅವಳದೇ.”

“ಮುಕ್ಕಾಲು ನಿಜ” ಎಂದು ಹುಂಜ ಬಾಗಿಲನ್ನು ಸಂದಿಯಷ್ಟೇ ತೆರೆಯಿತು. ಫ್ಯೋಕ್ಲಾ ಸಣ್ಣ ಆಳಲ್ಲ. ತಲೆ ತೂರಿತು, ಭುಜ ತೂರಿತು, ಸೊಂಟ ಸಿಕ್ಕಿಕೊಂಡಿತು. ಬೀಗದ ಕೈಗೊಂಚಲನ್ನು ಕಿತ್ತು ಅಲ್ಲೇ ಎಸೆದ ಮೇಲೆ ಒಳಗೆ ಬಂದು ಬಿದ್ದಳು.

ಊರ ನಡುವೆ ಸ್ತುದೆನ್ ಕೂತಿದ್ದ. ನಲವತ್ತು ಅಜ್ಜಂದಿರನ್ನು ಒತ್ತೊತ್ತಾಗಿ ಸುತ್ತ ಕೂರಿಸಿಕೊಂಡು ಅವರ ಬಿಸಿಯಲ್ಲಿ ತನ್ನ ಮಂಜಿನ ಮೂಳೆ ಕಾಯಿಸಿಕೊಳ್ಳುತ್ತಿದ್ದ. ಅಜ್ಜಂದಿರು ಮೊದಲಿಗಿಂತ ಚಿಕ್ಕವರಾಗಿ, ಬೂದಿಯ ಬಣ್ಣಕ್ಕೆ ತಿರುಗಿದ್ದರು.

“ಯಾರೂ ಕರೆಯದೆ ಇಲ್ಲೇ ಉಳಿದವರು ಇವರು. ಅದಕ್ಕೇ ನನ್ನವರು” ಎಂದು ನಕ್ಕ ಸ್ತುದೆನ್. “ನಿನ್ನವನು ಬರುವುದಾದರೆ ಕರೆದುಕೊಂಡು ಹೋಗು.”

ಫ್ಯೋಕ್ಲಾ ಬೂಟು ಮುಂದಿಟ್ಟಳು. “ಏಳಜ್ಜ, ನಡಿ! ಮಗು ಅಲ್ಲಿ ಒದ್ದಾಡುತ್ತಿದೆ.”

ಬೂದು ಗುಂಪಿನಿಂದ ಒಂದು ದನಿ ಬಂತು. “ಅಪ್ಪಣೆ ಮಾಡುವುದಕ್ಕೆ ಇಲ್ಲಿ ಸ್ತುದೆನ್ ಇದ್ದಾನಲ್ಲ, ಫ್ಯೋಕ್ಲಾ. ನಲವತ್ತು ವರ್ಷ ನಿನ್ನ ಒಲೆ ಕಾದೆ. ಕರೆಯದೆ ಬಿಟ್ಟವರು ಯಾರು?”

ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಸೊಸೆಯ ಹೆಸರು ನಾಲಗೆಯ ತುದಿಗೆ ಬಂದಿತ್ತು. ಕಣ್ಣ ಮುಂದೆ ತಿಮೋಷನ ಮುಚ್ಚದ ಕಣ್ಣುಗಳು ಬಂದವು. ಫ್ಯೋಕ್ಲಾ ಮಂಜಿನ ಮೇಲೆ ಮಂಡಿಯೂರಿದಳು.

“ನಾನು, ಅಜ್ಜಾ. ಮನೆಗೆ ಹಿರಿಯಳು ನಾನು. ಬೂಟು ಕೈಯಲ್ಲೇ ಇತ್ತು. ಸೊಸೆಗೆ ನೆನಪಿದೆಯೋ ಇಲ್ಲವೋ ನೋಡೋಣ, ಮರೆತರೆ ಆಡಿಕೊಳ್ಳೋಣ ಎಂದು ಬೇಕೆಂದೇ ಬಿಟ್ಟೆ. ತಪ್ಪಾಯಿತು. ಅಜ್ಜಾ, ನಮ್ಮ ಜೊತೆ ಬಾ.”

ಅಜ್ಜ ಎದ್ದು ಬಂದು ಬೂಟಿನೊಳಗೆ ಇಳಿದ. ಇಳಿದದ್ದೇ ತಡ, ಉಳಿದವರೆಲ್ಲ ಗಲಾಟೆ ಎಬ್ಬಿಸಿದರು. “ನಮ್ಮನ್ನು ಯಾರು ಕರೆಯುತ್ತಾರೆ?”

“ಯಾರು ಕರೆದರೇನು? ಪಕ್ಕದ ಮನೆಯವಳು ಕರೆದರೂ ಕರೆದ ಹಾಗೇ” ಎಂದಳು ಫ್ಯೋಕ್ಲಾ. ಊರಿನ ಪ್ರತಿ ಮನೆಯ ಹುಟ್ಟು, ಮದುವೆ, ಜಗಳ ಎಲ್ಲವೂ ಅವಳಿಗೆ ಬಾಯಿಪಾಠ. “ಕಮ್ಮಾರ ಯೆರ್ಮೋಲನ ಮನೆಯಜ್ಜಾ, ಬಾ. ನೇಯುವ ಮಾವ್ರಾಳ ಅಜ್ಜಾ, ಬಾ. ಅಡ್ಡ ಬೀದಿಯ ಕುಂಟ ಸಾವ್ವಾನ ಅಜ್ಜಾ, ನೀನೂ ಬಾ, ಅವನಿಗೆ ಈಚೆಗೆ ಅವಳಿ ಮಕ್ಕಳಾಗಿವೆ…”

ಒಂದು ಮನೆಯನ್ನೂ ಬಿಡಲಿಲ್ಲ. ಒಬ್ಬೊಬ್ಬನಾಗಿ ನಲವತ್ತು ಅಜ್ಜಂದಿರೂ ಒಂದೇ ಬೂಟಿನೊಳಗೆ ಹಿಡಿಸಿದರು. ಸ್ತುದೆನ್ ತಡೆಯಲು ಎದ್ದ. ಬಿಸಿ ಹೋದ ಮೂಳೆಗಳು ಚಟಚಟನೆ ಸೀಳಿ, ಅವನು ನಿಂತಲ್ಲೇ ಮಂಜಿನ ಚೂರಾಗಿ ಉದುರಿದ. ಹೆಬ್ಬಾಗಿಲ ಹುಂಜ ಇಳಿದು ಬಂದು ಕಾವಲುಗಾರನಾಯಿತು. ತೋಳ ಮೈಕೊಡವಿ ಅಂಬಿಗನಾಯಿತು. ಅವರೂ ಅವನ ಮಾಯೆಯಲ್ಲಿ ಸಿಕ್ಕಿದ್ದ ಮನುಷ್ಯರೇ. ಅಂಬಿಗ ಈ ಸಲ ಅವಳನ್ನು ಪೂರ್ತಿ ದಾಟಿಸಿದ, ತಲೆ ತಗ್ಗಿಸಿಕೊಂಡು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಫ್ಯೋಕ್ಲಾ ಬೂಟು ಎಳೆಯುತ್ತ ಗುಡ್ಡ ಹತ್ತಿದಳು. ಒಂದೊಂದು ಬಾಗಿಲಲ್ಲೂ ಒಬ್ಬ ಅಜ್ಜ ಇಳಿದ. ಕೊನೆಗೆ ಉಳಿದವನು ಅವಳ ಮನೆಯವನು. ಹೊಸಿಲ ಒಳಗಡೆ ಉಸ್ತಿನ್ಯಾ ನಿಂತಿದ್ದಳು, ಕೈಯಲ್ಲಿ ಉಬ್ಬದ ಹಿಟ್ಟಿನ ಗಟ್ಟಿ ರೊಟ್ಟಿ, ಅದರ ಮೇಲೆ ಉಪ್ಪು. ಆ ನಾಡಿನಲ್ಲಿ ಮನೆಗೆ ಬರುವವರನ್ನು ಎದುರುಗೊಳ್ಳುವುದು ಹಾಗೆ.

“ಅಜ್ಜಾ, ಒಳಗೆ ಬಾ” ಎಂದು ಬಗ್ಗಿದಳು. ಬೂಟಿನಿಂದ ಏನೋ ಬೆಚ್ಚಗಿನದು ಅವಳ ಕಾಲಿನ ಪಕ್ಕದಲ್ಲೇ ಹಾದು ಒಲೆಯ ಹಿಂದೆ ಸೇರಿತು. ಬಾಗಿಲು ಮುಚ್ಚಿತು, ಮತ್ತೆ ತೆರೆಯಲಿಲ್ಲ. ತಿಮೋಷ ಒಮ್ಮೆ ಆಕಳಿಸಿ ಕಣ್ಣು ಮುಚ್ಚಿದ.

ಫ್ಯೋಕ್ಲಾ ಹೊರಗೇ ನಿಂತಿದ್ದಳು. ಕೋಟಿಲ್ಲ, ಬೀಗದ ಕೈಯಿಲ್ಲ. “ಉಸ್ತಿನ್ಯಾ, ಕರೆಯದೆ ಬಿಟ್ಟವಳು ನಾನೇ” ಎಂದಳು.

“ಗೊತ್ತು, ಅತ್ತೆ. ನೀವು ಬಿಟ್ಟದ್ದನ್ನು ನೋಡಿಯೂ ನಾನು ಸುಮ್ಮನಿದ್ದೆ” ಎಂದು ಉಸ್ತಿನ್ಯಾ ರೊಟ್ಟಿಯನ್ನು ಅವಳ ಮುಂದೆ ಹಿಡಿದಳು. “ನೀವೂ ಒಳಗೆ ಬನ್ನಿ.”

ಅಂದು ನಡುಹಗಲಲ್ಲೇ ಇಡೀ ಊರು ಮಲಗಿತು. ಕಮ್ಮಾರ ಮಲಗಿದ, ಕುಂಟ ಸಾವ್ವಾನ ಅವಳಿಗಳು ಮಲಗಿದವು, ಅರಸ ಸಿಂಹಾಸನದಲ್ಲೇ ಗೊರಕೆ ಹೊಡೆದ. ಮೂರು ದಿನವಾದ ಮೇಲೆ ಎಚ್ಚರವಾದಾಗ ಮನೆಮನೆಯಲ್ಲೂ ಹಿಟ್ಟು ಉಬ್ಬಿ ಪಾತ್ರೆಯ ಅಂಚು ದಾಟಿತ್ತು. ಅದನ್ನು ಸುಟ್ಟು, ಹಂಚಿಕೊಂಡು ತಿಂದು, ಬೆಲೋಯಾರಿನ ಜನ ಸುಖವಾಗಿ ಬಾಳಿದರು.